ಹಂಡೆಯೊಳಗಿನ ಬೂದು ಅಂಗಿ

ಬಚ್ಚಲ ಹಂಡೆಯಲ್ಲಿ ನೀರಿರಲಿಲ್ಲ. ಮಡಿಸಿಟ್ಟ ಒಂದು ಪ್ಲಾಸ್ಟಿಕ್ ಚೀಲವಿತ್ತು.

ನಳ ಬಂದಿತ್ತು. ಘಂಟಿಕೇರಿಯ ನಮ್ಮ ಓಣಿಯಲ್ಲಿ ನಳ ಬಂತೆಂದರೆ ಎಲ್ಲ ಮನೆಗಳೂ ಒಟ್ಟಿಗೆ ಏಳುತ್ತವೆ. ಕೊಡ, ಬಕೆಟ್ಟು, ಪೈಪು, ಬೈಗುಳ. ನನ್ನ ಗಂಡ ಎಲ್ವಿನ್‌ನನ್ನು ಮಣ್ಣು ಮಾಡಲು ಬಂದವರೆಲ್ಲ ನಿನ್ನೆ ಸಂಜೆಗೆ ಹೊರಟುಹೋಗಿದ್ದರು. ಇಷ್ಟು ದಿನ ಯಾರೋ ಅಡುಗೆಮನೆಯ ನೀರು ತುಂಬಿದ್ದರು, ಯಾರೋ ಚಹಾ ಮಾಡಿ ಕೈಗೆ ಕೊಟ್ಟಿದ್ದರು. ಇವತ್ತು ನಾನೇ ಏಳಬೇಕಿತ್ತು. ಎದ್ದೆ.

ಬಂದವರು ಗೀಸರಿನ ನೀರಲ್ಲೇ ಜಳಕ ಮಾಡಿದ್ದರು. ಹಂಡೆಯ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ.

ಪೈಪನ್ನು ನೆಲಕ್ಕೆ ಬಿಟ್ಟು ಚೀಲ ಬಿಚ್ಚಿದೆ. ಅದರ ಮೇಲೆ ಆಸ್ಪತ್ರೆಯ ಹೆಸರಿತ್ತು. ಒಳಗೆ ಒಂದು ಅಂಗಿ. ಎಡ ಭುಜದ ಮೇಲೆ ರಕ್ತ ಒಣಗಿ ಬಟ್ಟೆ ರಟ್ಟಿನಂತಾಗಿತ್ತು. ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ೪೧೭.

ಅಂಗಿ ಬೂದು ಬಣ್ಣದ್ದು.

ಎಲ್ವಿನ್ ಬೂದು ಅಂಗಿ ಹಾಕುವವನಲ್ಲ. ವರದಾ ಗೇರ್ಸ್ ಕಾರ್ಖಾನೆಯಲ್ಲಿ ಪರ್ಮನೆಂಟ್ ಕೆಲಸಗಾರರಿಗೆ ನೀಲಿ ಅಂಗಿ, ಎದೆಯ ಮೇಲೆ ದಾರದಲ್ಲಿ ಹೆಸರು. ಗುತ್ತಿಗೆಯವರಿಗೆ ಬೂದು ಅಂಗಿ, ಬೆನ್ನ ಮೇಲೆ ನಂಬರು. ಒಂದೇ ಯಂತ್ರದ ಆ ಬದಿಗೆ ನೀಲಿ, ಈ ಬದಿಗೆ ಬೂದು ನಿಂತು ಒಂದೇ ಕೆಲಸ ಮಾಡುತ್ತಾರೆ. ಬೂದು ಅಂಗಿಗೆ ಸಿಗುವ ಪಗಾರ ನೀಲಿಯದರ ಮೂರರಲ್ಲೊಂದು ಪಾಲು. ಎಲ್ವಿನ್ ನೀಲಿಯವನು, ನೀಲಿಯವರ ಯೂನಿಯನ್ನಿನ ಕಾರ್ಯದರ್ಶಿ. ಬೂದು ಅಂಗಿಯವರಿಗೆ ಆ ಯೂನಿಯನ್ನಿನಲ್ಲಿ ಜಾಗವಿರಲಿಲ್ಲ.

ಅವನು ಸತ್ತದ್ದು ಕಾರ್ಖಾನೆಯ ಗೋದಾಮಿನಲ್ಲಿ. ಕ್ರೇನಿನಿಂದ ಕಬ್ಬಿಣದ ಪೆಟ್ಟಿಗೆ ಕಳಚಿ ಮೈಮೇಲೆ ಬಿತ್ತು. ನನಗೆ ಹೇಳಿದ್ದು ಅಷ್ಟೇ.

ಕೋಣೆಗೆ ಹೋಗಿ ಕಪಾಟು ತೆಗೆದೆ. ಕಂಪನಿ ಎರಡು ನೀಲಿ ಅಂಗಿ ಕೊಡುತ್ತದೆ. ಎರಡೂ ಇಸ್ತ್ರಿಯಾಗಿ ತೂಗುತ್ತಿದ್ದವು. ಶವಪೆಟ್ಟಿಗೆಯಲ್ಲಿ ಮಲಗಿಸುವಾಗ ಅವನಿಗೆ ತೊಡಿಸಿದ ಕೋಟನ್ನು ಇದೇ ಕಪಾಟಿನಿಂದ ನಾನೇ ತೆಗೆದುಕೊಟ್ಟಿದ್ದೆ. ಆಗ ಈ ಎರಡು ಅಂಗಿಗಳನ್ನು ಸರಿಸಿಯೇ ತೆಗೆದಿರಬೇಕು. ಕಂಡಿರಲಿಲ್ಲ.

ಬಚ್ಚಲಿಗೆ ಮರಳಿ ಬಂದು ಬೂದು ಅಂಗಿಯನ್ನು ಬೆಳಕಿಗೆ ಹಿಡಿದೆ. ತೋಳಿನ ಒಳಬದಿಗೆ ಟಿಚ್ ಬಟನ್‌ಗಳ ಸಾಲಿತ್ತು. ಒತ್ತಿದರೆ ತೋಳು ಗಿಡ್ಡವಾಗುತ್ತಿತ್ತು, ಬಿಚ್ಚಿದರೆ ಉದ್ದ. ಸೊಂಟದ ಹತ್ತಿರವೂ ಹಾಗೆಯೇ. ಕೈಹೊಲಿಗೆ, ಬಿಗಿಯಾದದ್ದು. ಎಲ್ವಿನ್‌ನ ಕೈ ಆ ಎರಡೂ ಅಳತೆಗಿಂತ ಉದ್ದ. ಅವನು ತೋಳನ್ನು ಮೊಣಕೈ ತನಕ ಮಡಚಿದ್ದ. ಮಡಿಕೆಯ ಗೆರೆ ಇನ್ನೂ ಉಳಿದಿತ್ತು.

ಇದು ಇಬ್ಬರ ಅಂಗಿ. ಮೂರನೆಯವನಾಗಿ ನನ್ನ ಗಂಡ ಅದನ್ನು ತೊಟ್ಟಿದ್ದ.

"ಅದನ್ನ ಯಾಕ ತಗದಿ ದೀನಾ?"

ಬಾಗಿಲಲ್ಲಿ ಅತ್ತೆ ಜಾಯ್ಸ್ ನಿಂತಿದ್ದರು.

"ನೀವ ಇಟ್ಟಿದ್ರೇನ್ರಿ ಅತ್ತಿ?"

"ಆಸ್ಪತ್ರ್ಯಾಗ ನನ್ನ ಕೈಗೆ ಕೊಟ್ರು. ಮತ್ತೆಲ್ಲಿ ಇಡ್ಲಿ? ಮನಿ ತುಂಬ ಚರ್ಚಿನ ಮಂದಿ."

"ನನಗರ ಹೇಳಬೇಕಿತ್ತಲ್ರಿ."

"ಏನಂತ ಹೇಳ್ಲಿ? ನನ್ನ ಮಗ ಗುತ್ತಿಗಿಯವರ ಅಂಗ್ಯಾಗ ಸತ್ತ ಅಂತ ಹೇಳ್ಲೇನು? ಪಾಸ್ಟರು ಸಮಾಧಿ ಮುಂದ ನಿಂತು ಏನಂದ್ರು? ನೀಲಿ ಅಂಗೀ ಮರ್ಯಾದಿ ಕಾಯ್ದಾವ ಅಂದ್ರು. ನಾ ಹೌದಂತ ಗೋಣ ಹಾಕಿದೆ." ಅತ್ತೆ ನೆಲ ನೋಡಿದರು. "ನೀರು ಹರದ ಹೊಂಟೈತಿ ನೋಡು."

ನೀರು ಹೊಸ್ತಿಲ ತನಕ ಬಂದಿತ್ತು. ನಾನು ಹಿಂದಕ್ಕೆ ಸರಿದೆ. ಅಂಗಿಯನ್ನು ಬೆಳಕಿಗೆ ಹಿಡಿಯುವ ಮುಂಚೆ, ಯಾರಿಗೂ ಕಾಣದಿರಲೆಂದು ಬಚ್ಚಲ ಬಾಗಿಲನ್ನು ನಾನೂ ಅರ್ಧ ಮುಂದೆ ಮಾಡಿದ್ದೆ ಎಂಬುದು ಆಗ ಕಂಡಿತು.

ಹೊರಬಾಗಿಲು ಸದ್ದಾಯಿತು.

"ದೀನಾ ತಂಗೀ, ಅದೀರೇನು?"

ಅಂಗಿಯನ್ನು ಚೀಲಸಮೇತ ಹಂಡೆಗೆ ಹಾಕಿ ಮುಚ್ಚಳ ಮುಚ್ಚಿದೆ.

ಬಂದವರು ಅರ್ಜುನಪ್ಪ, ಯೂನಿಯನ್ನಿನ ಅಧ್ಯಕ್ಷರು. ಎಲ್ವಿನ್ ಇವರನ್ನು ಅಣ್ಣ ಎನ್ನುತ್ತಿದ್ದ. ಪೆಟ್ಟಿಗೆ ಹೊರುವಾಗ ಮುಂದಿನ ಹೆಗಲು ಇವರದೇ. ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

"ಉಂಡ್ರೇನು?"

"ಹೂಂ ರಿ ಅಣ್ಣಾರ."

"ಸುಳ್ಳ ಹೇಳಬ್ಯಾಡ. ಮಾರಿ ನೋಡಿದ್ರ ಗೊತ್ತಾಕ್ಕೈತಿ. ಕುಂದ್ರು, ಛಲೋ ಸುದ್ದಿ ತಂದೇನಿ. ಮ್ಯಾನೇಜ್ಮೆಂಟಿನವ್ರು ಒಪ್ಯಾರ. ಎಲ್ವಿನ್ ಜಾಗಾ ನಿನಗ. ಪರ್ಮನೆಂಟ್."

"ನನಗೆ ಯಂತ್ರದ ಕೆಲಸ ಬರೂದಿಲ್ರಿ."

"ಎಂ.ಎ. ಮಾಡಿದಾಕೀನ ಯಂತ್ರದ ಮುಂದ ನಿಲ್ಲಸ್ತೀವೇನು? ಹುಚ್ಚಿ! ಆಫೀಸಿನ್ಯಾಗ ಕುರ್ಚಿ. ಮ್ಯಾಲ ಫ್ಯಾನು."

ಕುರ್ಚಿ ಎಂದ ಕೂಡಲೇ ನನ್ನೊಳಗೆ ಏನೋ ಎದ್ದು ಕೂತಿತು. ಮನೆಯ ಬಾಡಿಗೆ, ಅತ್ತೆಯ ಸಕ್ಕರೆ ಕಾಯಿಲೆಯ ಗುಳಿಗೆ, ಎಲ್ಲವೂ ಒಂದೇ ಉಸಿರಿಗೆ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಗಂಡ ಸತ್ತ ಮೇಲೆ ಮೊದಲ ಸಲ ನನಗೆ ಹಸಿವಾಯಿತು. ಮುಂದಿದ್ದ ಬಾಳೆಹಣ್ಣನ್ನು ನೋಡಿ ಕಣ್ಣು ತಿರುಗಿಸಿದೆ.

"ಒಂದ ಸಣ್ಣ ಕೆಲಸ ಉಳದೈತಿ," ಎಂದರು ಅರ್ಜುನಪ್ಪ. "ಆಸ್ಪತ್ರ್ಯಾಗ ಅವನ ಬಟ್ಟಿ ಕೊಟ್ಟಾರಂತಲ್ಲ. ಅದನ್ನ ನನ್ನ ಕೈಯಾಗ ಕೊಟ್ಟಬಿಡು. ಇನ್ಶೂರೆನ್ಸಿನವರಿಗೆ ಬೇಕಂತ."

"ಅವರಿಗೆ ಬಟ್ಟಿ ಯಾಕ್ರಿ?"

"ಕೇಳ್ತಾರವಾ. ಅವರು ಏನೇನರ ಕೇಳ್ತಾರ."

"ಬೂದು ಅಂಗೀನೂ ಕೇಳ್ತಾರೇನ್ರಿ?"

ಅರ್ಜುನಪ್ಪ ಎದ್ದು ಹೊರಬಾಗಿಲನ್ನು ಮುಚ್ಚಿ ಬಂದರು. ಕೂತ ಮೇಲೆ ಅವರ ದನಿ ಸಣ್ಣದಾಗಿತ್ತು.

"ನೋಡೀದಿ ಹಂಗಾರ. ಛಲೋ ಆತು, ಸುತ್ತಿ ಬಳಸಿ ಹೇಳೂದು ತಪ್ಪಿತು. ಅದು ಹೊರಗ ಬಂತಂದ್ರ ಎಲ್ವಿನ್ ಡ್ಯೂಟಿ ಮ್ಯಾಲ ಇರಲಿಲ್ಲ ಅಂತ ಆಕ್ಕೈತಿ. ಇನ್ನೊಬ್ಬರ ಅಂಗಿ ಹಾಕ್ಕೊಂಡು ಕಳ್ಳರಂಗ ಒಳಗ ಹೊಕ್ಕಾನ ಅಂತಾರ. ಪರಿಹಾರ ಇಲ್ಲ, ನಿನಗ ನೌಕರಿ ಇಲ್ಲ, ಅವಗ ಮರ್ಯಾದಿನೂ ಇಲ್ಲ."

"ಯಾರ ಅಂಗಿರಿ ಅದು?"

"ಹನಮೇಶ ಅಂತ, ಕೆಲಗೇರಿ ಹುಡುಗ. ಗುತ್ತಿಗಿಯಾವ. ಕ್ರೇನಿನ ಬಟನ್ ಒತ್ತಿದ್ದು ಅವನ. ಇವತ್ತ ಮುಂಜಾನೆ ಪೊಲೀಸರು ಹಿಡಕೊಂಡು ಹೋದ್ರು, ನಾಳೆ ಕೋರ್ಟಿಗೆ ಹಾಜರ್ ಮಾಡ್ತಾರ. ನಾ ಆ ದಿನ ಒಳಗ ಬಂದ ಇಲ್ಲ ಅಂತ ಹೊಯ್ಕೋಳಾಕತ್ತಾನ ಮಗಾ. ನಾಲ್ಕನೂರಾ ಹದಿನೇಳು ಒಳಗ ಹೋಗಿದ್ದು ಗೇಟಿನ್ಯಾಗ ಚೊಕ್ಕ ಬಿದ್ದೈತಿ."

ಬೂದು ಅಂಗಿಯವರಿಗೆ ಗೇಟಿನಲ್ಲಿ ಕಾರ್ಡಿಲ್ಲ. ಎಲ್ವಿನ್ ಹೇಳುತ್ತಿದ್ದ. ಗೇಟಿನವರು ಬೆನ್ನಿನ ನಂಬರು ನೋಡಿ ಯಂತ್ರದಲ್ಲಿ ಒತ್ತುತ್ತಾರೆ. ಮುಖ ನೋಡುವುದಿಲ್ಲ.

ಆ ದಿನ ನಾಲ್ಕುನೂರಾ ಹದಿನೇಳನ್ನು ಬೆನ್ನ ಮೇಲೆ ಹೊತ್ತು ಒಳಗೆ ಹೋದವನು ನನ್ನ ಗಂಡ. ಅಂಗಿ ಇಲ್ಲದ ಹನಮೇಶನಿಗೆ ಗೇಟು ದಾಟಲು ಆಗುತ್ತಲೇ ಇರಲಿಲ್ಲ. ಹುಡುಗ ಹೇಳುವುದು ನಿಜ. ಅದನ್ನು ತೋರಿಸಲು ಇರುವುದು ನಮ್ಮ ಹಂಡೆಯೊಳಗಿನ ಬಟ್ಟೆ ಒಂದೇ.

"ಅಣ್ಣಾರ, ಅಂಗಿ ಇವರ ಮೈಮ್ಯಾಲಿದ್ರ ಆ ಹುಡುಗ ಹೆಂಗ ಒಳಗ ಹೋದ?"

"ಅದನ್ನ ನೀ ಯಾಕ ವಿಚಾರ ಮಾಡ್ತಿ? ಗುತ್ತಿಗಿ ಹುಡುಗ. ಇಲ್ಲೆ ಇಲ್ಲಂದ್ರ ಇನ್ನೊಂದು ಕಡೆ ದುಡೀತಾನ."

"ಜೈಲಿನ್ಯಾಗೇನ್ರಿ?"

ಅವರು ಮುಚ್ಚಿದ ಬಾಗಿಲ ಕಡೆ ನೋಡಿದರು.

"ಇನ್ನೊಂದು ಕೇಳ್ತೇನಿ. ಕಾರ್ಖಾನಿ ಒಳಗ ಆಂಬುಲೆನ್ಸ್ ನಿಂತ ಇರ್ತೈತಿ. ಅವತ್ತ ಯಾಕ ಅಷ್ಟು ತಡಾ ಆತು?"

"ಅದನ್ನ ಕೇಳಬ್ಯಾಡ."

"ಕೇಳಾಕತ್ತೇನ್ರಿ."

ಅರ್ಜುನಪ್ಪ ಬಾಳೆಹಣ್ಣಿನ ಚಿಪ್ಪನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದರು.

"ಡ್ರೈವರ್ ಬೂದು ಅಂಗಿ ನೋಡಿ ನಿಂತ. ಮಾರಿ ತುಂಬ ರಕ್ತ, ಗುರುತ ಹತ್ತಲಿಲ್ಲ. ಗುತ್ತಿಗಿಯವರಿದ್ರ ಗುತ್ತಿಗೆದಾರನ ಮನಷ್ಯಾ ಬಂದು ಹೂಂ ಅನ್ನೂತನಕ ಗಾಡಿ ಬಿಡೂಹಂಗಿಲ್ಲ. ಅವ ಊಟಕ್ಕ ಹೋಗಿದ್ದ."

"ಆವಾಗ ಜೀವ ಇತ್ತೇನ್ರಿ?"

"ಇತ್ತು. ನೀರು ಕೇಳಿದ."

"ನೀವು ಅಲ್ಲಿದ್ರೇನ್ರಿ?"

"ನಾ ಎಲ್ಲಿ? ನಾ ಬೆಳಗಾವ್ಯಾಗಿದ್ದೆ. ಹುಡುಗೂರು ಹೇಳಿದ್ರು." ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

"ಇಂಥಾ ನೇಮ ಯಾರು ಮಾಡಿದ್ದು? ಕಂಪನೀದೇನ್ರಿ?"

"ಕಂಪನೀದಲ್ಲ. ನಮ್ಮದು."

"ನಮ್ಮದಂದ್ರ?"

"ಯೂನಿಯನ್ನಿಂದು. ಹ್ವಾದ ಒಪ್ಪಂದದಾಗ ನಾವ ಕೇಳಿ ಹಾಕಿಸಿದ್ದು. ಗಾಡೀ ಖರ್ಚು ನಮ್ಮ ಪಗಾರದಾಗ ಮುರೀತಾರ, ಆ ಗಾಡಿ ಬೂದು ಮಂದೀನ ಹೊತ್ತು ತಿರಗಿದ್ರ ಹೆಂಗ? ಮೀಟಿಂಗಿನ್ಯಾಗ ಎದ್ದು ನಿಂತು ಆ ಮಾತ ಇಟ್ಟಾವ ಯಾರು, ಗೊತ್ತೇನು ನಿನಗ?" ಅರ್ಜುನಪ್ಪ ನನ್ನ ಕಣ್ಣನ್ನೇ ನೋಡಿದರು. "ನಿನ್ನ ಗಂಡ. ಮಂದಿ ಚಪ್ಪಾಳಿ ಹೊಡದ್ರು. ಈಗ ಹೇಳು, ಆ ಅಂಗಿ ಊರಿಗೆಲ್ಲಾ ತೋರಸ್ತೀಯೇನು?"

ಓಣಿಯಲ್ಲಿ ಯಾರದೋ ಕೊಡ ಬಿದ್ದು ಉರುಳಿತು. ನನ್ನ ಕೆನ್ನೆ ಕಿವಿಗಳು ಕಾದಿದ್ದವು. ಗಂಡನ ಮೇಲೆ ಸಿಟ್ಟು ಬಂದಿದ್ದರೆ ಹಗುರಾಗುತ್ತಿತ್ತು. ಸಿಟ್ಟು ಬರಲಿಲ್ಲ. ಗಾಡಿಯ ಬಾಗಿಲ ಮುಂದೆ ಬಿದ್ದವನು, ಆ ಬಾಗಿಲು ಯಾಕೆ ತೆರೆಯುತ್ತಿಲ್ಲ ಎಂಬುದನ್ನು ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು, ಅವನೊಬ್ಬನೇ ಕಣ್ಣ ಮುಂದೆ ಬಂದ.

"ತಗೊಂಡ ಬಾ ಹೋಗು ತಂಗಿ."

"ಅದಿಲ್ಲ."

ಮಾತಾಡಿದ್ದು ಅತ್ತೆ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಇಲ್ಲಂದ್ರ ಅವ್ವಾರ?"

"ಸುಟ್ಟೇನಿ. ಅಂಥಾದ್ದನ್ನ ಮನ್ಯಾಗ ಇಟ್ಕೋತಾರೇನು?"

ಅರ್ಜುನಪ್ಪ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಉಸಿರು ಬಿಟ್ಟರು.

"ಛಲೋ ಮಾಡಿದ್ರಿ ಬಿಡ್ರಿ. ಸೋಮವಾರ ಆಫೀಸಿಗೆ ಬಾ ತಂಗಿ. ಫೋಟೋ ಎರಡ ತಗೊಂಡ ಬಾ."

ಅವರ ಗಾಡಿಯ ಸದ್ದು ಓಣಿ ದಾಟುವ ತನಕ ನಾವಿಬ್ಬರೂ ಕದಲಲಿಲ್ಲ.

"ನೀರು ಕೇಳಿದ್ನಂತ," ಎಂದರು ಅತ್ತೆ. ಅಷ್ಟೇ. ಬಚ್ಚಲಿಗೆ ಹೋಗಿ ಹಂಡೆಯಿಂದ ಚೀಲ ತೆಗೆದುಕೊಂಡು ಬಂದು ನನ್ನ ಕೈಗೆ ಕೊಟ್ಟರು.

"ಎರವಲು ತಂದದ್ದು. ಕೊಟ್ಟು ಬಾ ಹೋಗು."

*

ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ, ಆಮೇಲೆ ಕಾಲ ಕೆಳಗಿಟ್ಟೆ, ಮತ್ತೆ ತೊಡೆಯ ಮೇಲಿಟ್ಟುಕೊಂಡೆ.

ನವನಗರದಲ್ಲಿ ನಾಲ್ಕು ಹೆಣ್ಣುಮಕ್ಕಳು ಹತ್ತಿದರು. ಯಾವುದೋ ಕಂಪನಿಯ ಬೂದು ಏಪ್ರನ್‌ಗಳನ್ನು ಮಡಚಿ ಕೈಯಲ್ಲಿ ಹಿಡಿದಿದ್ದರು. ಒಬ್ಬಳು ಇನ್ನೊಬ್ಬಳಿಗೆ, "ನಮ್ಮ ಸೂಪರ್‌ವೈಜರಗ ನನ್ನ ಹೆಸರ ಗೊತ್ತಿಲ್ಲಲೇ, ಏ ಮೂರನೇ ಟೇಬಲ್ ಅಂತ ಕರೀತಾನ," ಎಂದಳು. "ನೀ ಓ ಅಂತೀಯಿಲ್ಲೋ?" ಎಂದಳು ಇನ್ನೊಬ್ಬಳು. ನಾಲ್ವರೂ ನಕ್ಕರು.

ಧಾರವಾಡ ಬರುವ ತನಕ ಇಳಿದು ಹಿಂದಿರುಗಲು ಎಷ್ಟೋ ನಿಲ್ದಾಣಗಳಿದ್ದವು. ಪ್ರತಿ ನಿಲ್ದಾಣದಲ್ಲೂ ಬಾಗಿಲು ತೆರೆದಾಗ ನನಗೆ ಆ ಕುರ್ಚಿ ನೆನಪಾಯಿತು. ಅದರ ಮೇಲಿನ ಫ್ಯಾನು ಕೂಡ. ಬಾಗಿಲು ಮುಚ್ಚಿದ ಮೇಲೆ ಉಸಿರು ಬಿಡುತ್ತಿದ್ದೆ.

ಕೆಲಗೇರಿಯಲ್ಲಿ ಆಟೋ ಇಳಿದು ಕೇಳಿದೆ. ಕಟ್ಟೆಯ ಮೇಲೆ ಕೂತ ಮುದುಕ, "ಪೊಲೀಸರು ಬಂದಿದ್ರಲ್ಲ, ಆ ಮನಿನ?" ಎಂದ.

ಕೆರೆಯ ಕಡೆಗಿದ್ದ ಸಣ್ಣ ಮನೆ. ಅಂಗಳದಲ್ಲಿ ಹಳೆಯ ಸೀರೆಗಳನ್ನು ಹಾಸಿಕೊಂಡು ಒಬ್ಬ ಹೆಂಗಸು ಕೌದಿ ಹೊಲಿಯುತ್ತಿದ್ದರು. ಹನಮೇಶನ ತಾಯಿ ಬೀರವ್ವ. ತಲೆ ಎತ್ತಲಿಲ್ಲ.

"ಕಂಪನಿಯಾಕೇನು?"

"ಅಲ್ರಿ."

"ಮತ್ತ ಪೇಪರಿನಾಕೇನು? ನನ್ನ ಫೋಟೋ ಹೊಡೀಬ್ಯಾಡ."

"ನಾ ಎಲ್ವಿನ್ ಅವರ ಹೆಂಡ್ತಿರಿ."

ಸೂಜಿ ನಿಂತಿತು.

"ಸತ್ತಾವನ ಹೆಂಡ್ತಿ." ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದರು. "ಬಾ, ಕುಂದ್ರು. ನನ್ನ ಮಗಗ ಬೈಯಾಕ ಬಂದಿದ್ರ ಬೈದು ಹೋಗು. ಅವ ಇಲ್ಲ. ನಾ ಕೇಳ್ತೇನಿ."

ನಾನು ಕೂತು ಚೀಲ ಬಿಚ್ಚಿದೆ. ಬೀರವ್ವ ಅಂಗಿಯನ್ನು ತೆಗೆದುಕೊಳ್ಳಲಿಲ್ಲ. ತೋಳನ್ನಷ್ಟೇ ಹಿಡಿದು ಒಳಗಿನ ಟಿಚ್ ಬಟನ್ನನ್ನು ಹೆಬ್ಬೆರಳಿನಿಂದ ಒತ್ತಿದರು. ಟಕ್ಕೆಂದಿತು.

"ನನ್ನ ಕೈದು ಇದು," ಎಂದರು.

"ಎರಡ ಅಳತಿ ಯಾಕ್ರಿ?"

"ಮುಂಜಾನೆ ಪಾಳಿ ನನ್ನ ಮಗ, ಮಧ್ಯಾಹ್ನದ ಪಾಳಿ ನವಾಜ. ಇಬ್ಬರಿಗೂ ಒಂದ ಅಂಗಿ, ಒಂದ ನಂಬರ. ಗೇಟಿನ ಹೊರಗ ಚಹಾದಂಗಡ್ಯಾಗ ಇವ ಬಿಚ್ಚತಾನ, ಅವ ಹಾಕ್ಕೋತಾನ. ಇವನ ಬೆವರು ಆರೂದರಾಗ ಅವ ಒಳಗ."

"ಕಾಗದದಾಗ ಒಬ್ಬರೇನ್ರಿ?"

"ಒಬ್ಬಾವ. ಹಂಗ ಎಷ್ಟೋ ಜೋಡಿ ಅದಾವ. ಗುತ್ತಿಗಿ ಮಂದಿ ಭಾಳ ಆದ್ರು, ಕಡಿಮಿ ಮಾಡ್ರಿ ಅಂತ ನಿಮ್ಮ ನೀಲಿಯವರು ಕೂಗಾಡಿದ್ರಂತಲ್ಲ. ಮಾಡಿದ್ರು ನೋಡವಾ ಕಡಿಮಿ. ಮಂದಿ ಅಷ್ಟ ಅದಾರ, ಅಂಗಿ ಅರ್ಧ ಆದವು." ಬೀರವ್ವ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ.

"ನಮ್ಮವರು ಏನಂತ ಕೇಳಿದ್ರಿ ಇದನ್ನ?"

"ಹಿಂದಿನ ದಿನ ಬಂದಿದ್ದ. ನೀ ಕುಂತಲ್ಲೇ ಕುಂತ. ಒಂದ ದಿನದ ಮಟ್ಟಿಗೆ ಕೊಡ್ರಿ, ನಿಮ್ಮಂಗ ಒಳಗ ಹೋಗಿ ನೋಡಬೇಕು ಅಂದ. ನನಗ ನಗು ಬಂತು. ನಮ್ಮಂಗ ಆಗಾಕ ಅಂಗಿ ಒಂದ ಸಾಕೇನೋ ತಮ್ಮಾ ಅಂದೆ."

"ಅದಕ್ಕೇನಂದ್ರು?"

"ಏನೂ ಅನ್ನಲಿಲ್ಲ. ಹಿಂಗ, ಈಗ ನೀ ಕುಂತೀಯಲ್ಲ, ಹಿಂಗ ಗೋಣ ಹಾಕ್ಕೊಂಡು ಕುಂತ." ಅಂಗಿಯ ಭುಜದ ಕಡೆ ನೋಡಿ ಅವರ ದನಿ ಗಡುಸಾಯಿತು. "ಎರವಲು ಒಯ್ದ ಅಂಗಿ ಹಿಂಗ ಕೊಡ್ತಾರೇನು ಯಾರರ? ತೊಳದು ತರಬೇಕು ಅನಸಲಿಲ್ಲೇನು ನಿನಗ?"

"ತೊಳದ್ರ ನಿಮ್ಮ ಮಗ ಸಿಕ್ಕೋತಾನ್ರಿ."

"ಹೆಂಗ?"

"ಈ ರಕ್ತ ನಮ್ಮವರದು. ಆ ದಿನ ಈ ನಂಬರ ಹಾಕ್ಕೊಂಡು ಒಳಗ ಹೋದಾವ್ರು ಅವ್ರು, ನಿಮ್ಮ ಮಗ ಅಲ್ಲ. ಅದನ್ನ ತೋರಸಾಕ ಇದೊಂದ ಇರೂದು. ಇದನ್ನ ಯಾರ ಕೈಯಾಗೂ ಕೊಡಬ್ಯಾಡ್ರಿ, ವಕೀಲರ ಕೈಯಾಗ ಮಾತ್ರ. ನಾಳೆ ಕೋರ್ಟಿಗೆ ನಾನೂ ಬರ್ತೇನಿ. ಇದು ನನ್ನ ಗಂಡನ ಮೈಮ್ಯಾಲಿಂದ ಬಂದದ್ದು ಅಂತ ನಾನ ಹೇಳ್ತೇನಿ."

"ನಿನಗೇನ ಕೊಡ್ತಾರ ಅದಕ್ಕ?"

"ಏನಿಲ್ರಿ. ಬರೂದಿತ್ತಲ್ಲ, ಅದೂ ಹೋಕ್ಕೈತಿ."

ಬೀರವ್ವ ಸೂಜಿಯನ್ನು ಸೀರೆಗೆ ಚುಚ್ಚಿಟ್ಟರು. ಅಂಗಿಯನ್ನು ಎರಡೂ ಕೈಯಿಂದ ಎತ್ತಿಕೊಂಡು, ರಕ್ತದ ಭಾಗ ಮುರಿಯದಂತೆ ಮಡಚಿ, ಕೌದಿಯ ಒಳಪದರಿನಲ್ಲಿ ಇಟ್ಟರು.

ನಾನು ಎದ್ದೆ. ಅವರು ಮತ್ತೆ ಕೈ ಚಾಚಿದರು.

"ಇನ್ನೊಂದು?"

"ಇನ್ನೊಂದು ಏನ್ರಿ?"

"ಇನ್ನೊಂದು ಅಂಗಿ. ನಿನ್ನ ಗಂಡ ಎರಡ ಒಯ್ದಿದ್ದಲ್ಲಬೇ. ಒಂದು ಹನಮೇಶಂದು, ಒಂದು ಹಿಂದಿನ ಮನಿ ದುರಗಪ್ಪಂದು. ಆ ದುರಗಪ್ಪ ಅಂಗಿಲ್ಲದ ಮನ್ಯಾಗ ಕುಂತಾನ, ದಿನಾ ಬಂದು ಕೇಳ್ತಾನ."

"ಆಸ್ಪತ್ರ್ಯಾಗ ಕೊಟ್ಟಿದ್ದು ಇದೊಂದ ರಿ."

"ಅವಗ ಒಂದ ಮೈ ಅಲ್ಲೇನು, ಒಂದ ಕೊಟ್ಟಿರ್ತಾರ. ಇನ್ನೊಂದು ಅವನ ಜೋಡಿ ಬಂದಾವಗ."

"ಯಾರ ರಿ ಜೋಡಿ ಬಂದಾವ್ರು?"

"ನನಗೇನ ಗೊತ್ತು? ರಸ್ತ್ಯಾಗ ಗಾಡಿ ಮ್ಯಾಲ ಕುಂತಿದ್ದ. ಚಹಾ ಕುಡದ ಹೋಗು ಬಾರೋ ಅಂದ್ರ ಬರಲಿಲ್ಲ. ಹೆಲ್ಮೆಟ್ ಸೈತ ತಗೀಲಿಲ್ಲ, ಕರವಸ್ತ್ರಲೆ ಕುತ್ತಿಗಿ ಒರಸ್ಕೋತ ಕುಂತಿದ್ದ." ಬೀರವ್ವ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಮರುದಿನ ಇಬ್ಬರೂ ಕೂಡಿ ಒಳಗ ಹೋಗ್ತೇವಿ ಅಂದಿದ್ದ, ಹ್ವಾದ್ರು. ನಿನ್ನ ಗಂಡನ್ನ ಹೊತ್ತು ಹೊರಗ ತಂದ್ರು. ಅವ ಯಾವಾಗ ಹೊರಗ ಬಂದ?"